ಭದ್ರಾವತಿಯವರೆಗೆ ನಮ್ಮ ಕೂಸು

ರೈಲು ಭದ್ರಾವತಿಯನ್ನು ಸಮೀಪಿಸುತ್ತಿದ್ದಂತೆ ಕಾಗದದ ಕಾರ್ಖಾನೆಯ ವಾಸನೆ ಬಂತು. ಬೆಂದ ಬಿದಿರು, ಸುಣ್ಣ, ಹಳಸಿದ ಕೋಸಿನಂಥ ಇನ್ನೇನೋ ಒಂದು, ಎಲ್ಲ ಸೇರಿದ ಆ ವಾಸನೆ ಒಮ್ಮೆ ಮೂಗಿಗೆ ಹೊಕ್ಕರೆ ಮತ್ತೆ ಬಿಡುವುದಿಲ್ಲ. "ಬಂತು ನೋಡು" ಎಂದೆ. ಎದುರಿಗೆ ಕೂತಿದ್ದ ಗಿರಿಜ ಕಿಟಕಿಯಾಚೆ ಕಣ್ಣು ಹಾಯಿಸಿ, "ಎಲ್ಲಿಂದ ಬರ್ಬೇಕು? ಆ ಚಿಮಣೀಲಿ ಹೊಗೆ ನಿಂತು ಯಾವ ಕಾಲ ಆಯ್ತು. ನಿಮ್ಮ ಮೂಗಿಗೂ ಅರಳು ಮರಳು ಶುರುವಾಯ್ತು ಬಿಡಿ" ಎಂದಳು.

ಅವಳು ಹೇಳಿದ್ದು ನಿಜ. ಆದರೂ ವಾಸನೆ ಹೋಗಲಿಲ್ಲ. ತರೀಕೆರೆಯಲ್ಲಿ ನೆಂಟರ ಮದುವೆ, ಶಿವಮೊಗ್ಗದಲ್ಲಿ ಹತ್ತಿದ್ದೆವು. ಇದೇ ದಾರಿಯಲ್ಲಿ, ಇದೇ ದಿಕ್ಕಿಗೆ, ನಾವಿಬ್ಬರೂ ಪಕ್ಕಪಕ್ಕ ಕೂತು ಬಂದ ಇನ್ನೊಂದು ಮಧ್ಯಾಹ್ನ ಇತ್ತು. ಅದನ್ನು ನಾವು ಹೆಚ್ಚಾಗಿ ಮಾತಿನಲ್ಲಿ ಎತ್ತುವುದಿಲ್ಲ. ಎತ್ತಿದರೆ ಜಗಳವಾಗುತ್ತದೆ, ಯಾಕೆಂದರೆ ಅವಳ ನೆನಪಿನ ಮಧ್ಯಾಹ್ನವೇ ಬೇರೆ, ನನ್ನದೇ ಬೇರೆ.

ನಾನು ಕಬ್ಬಿಣದ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ನಕ್ಷೆ ಬರೆಯುತ್ತಿದ್ದವನು. ಕಣ್ಣಿಗೆ ಕಾಣುವ ಅಂಚನ್ನು ತುಂಬುಗೆರೆಯಲ್ಲಿ ಬರೆಯಬೇಕು, ಮರೆಯಲ್ಲಿರುವುದನ್ನು ಚುಕ್ಕೆಗೆರೆಯಲ್ಲಿ. ಮರೆಯಲ್ಲಿರುವುದನ್ನು ಕಂಡಂತೆ ಬರೆದುಬಿಟ್ಟರೆ ಎರಕವೇ ಕೆಡುತ್ತದೆ. ಅರವತ್ತರ ದಶಕದ ಆ ಒಂದು ಚಳಿಗಾಲವನ್ನು ಬರೆಯುವಾಗಲೂ ಅದೇ ನಿಯಮ ಇಟ್ಟುಕೊಳ್ಳಲು ನೋಡುತ್ತೇನೆ. ಆಗುತ್ತದೆಂಬ ಭರವಸೆ ಇಲ್ಲ.

ತುಂಬುಗೆರೆಯಲ್ಲಿ ಬರೆಯಬಹುದಾದದ್ದು ಇಷ್ಟು. ಕಾರ್ತಿಕದಲ್ಲಿ ಶಿವಮೊಗ್ಗದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ನಮಗೆ ಹೆಣ್ಣು ಮಗು ಹುಟ್ಟಿತು. ಮೂರನೆಯ ದಿನ ತೀರಿಹೋಯಿತು. ನಾನು ಭದ್ರಾವತಿಗೆ ಒಯ್ದು ಮಣ್ಣು ಮಾಡಿ ಬಂದೆ. ಗಿರಿಜಳಿಗೆ ಎದೆ ತುಂಬಿ, ಕಟ್ಟಿ, ಜ್ವರ ಬಂತು. ಆಸ್ಪತ್ರೆ ನಡೆಸುತ್ತಿದ್ದ ಡಾಕ್ಟರಮ್ಮ ಡೆನ್ಮಾರ್ಕಿನವರು. ನಮ್ಮಲ್ಲಿ ಬಹಳ ವರ್ಷ ಇದ್ದು ಕನ್ನಡ ಕಲಿತಿದ್ದರು. ಅವರೇ ಒಂದು ಗಂಡು ಕೂಸನ್ನು ತಂದು ಅವಳ ಪಕ್ಕದಲ್ಲಿ ಮಲಗಿಸಿದರು. ಹೆತ್ತವಳು ಊರು ಹೇಳದೆ, ಹೆಸರು ಹೇಳದೆ ಎದ್ದು ಹೋಗಿದ್ದಳು. "ಗಿರಿಜಾ, ನನ್ನ ಊರಲ್ಲಿ ನನ್ನ ಗೆಳತಿ ಇದ್ದಾಳೆ. ಮಕ್ಕಳಿಲ್ಲ. ಈ ಮಗುವನ್ನ ಅವಳು ಸಾಕಿಕೊಳ್ತಾಳೆ. ಹಡಗು ಹತ್ತಿ ಬರೋಕೆ ಶಿವರಾತ್ರಿ ಆಗುತ್ತೆ. ಅಲ್ಲೀವರೆಗೆ ನಿನ್ನ ಹಾಲು ಇದಕ್ಕೆ ಬೇಕು. ಮನೆಗೆ ಕರ್ಕೊಂಡು ಹೋಗ್ತೀಯಾ?" ಎಂದು ಕೇಳಿದರು.

ಗಿರಿಜ ಹೂಂ ಅಂದಳೋ ಇಲ್ಲವೋ ನನಗೆ ಗೊತ್ತಿಲ್ಲ. ಕೂಸು ಅಷ್ಟು ಹೊತ್ತಿಗೆ ಕುಡಿಯಲು ಶುರುಮಾಡಿತ್ತು.

ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಮ್ಮದು ಮೂರಂಕಣದ ಬಾಡಿಗೆ ಮನೆ. ಬಾಗಿಲಲ್ಲಿ ಅವ್ವ ನಿಂತಿದ್ದಳು. ಮೊಮ್ಮಗಳು ಹೋದ ಸುದ್ದಿ ಅವಳಿಗೆ ಮುಟ್ಟಿತ್ತು. ಸೊಸೆಯ ಮಡಿಲಲ್ಲಿದ್ದದ್ದರ ಸುದ್ದಿ ಮುಟ್ಟಿರಲಿಲ್ಲ.

"ಯಾರದೋ ಇದು?"

ಹೇಳಿದೆ.

"ನಮ್ಮನೆ ಏನು ಛತ್ರವೇನೋ? ಯಾವ ಜಾತಿಯೋ, ಯಾವ ಮನೆಯೋ. ಆ ಬಿಳೀ ಡಾಕ್ಟರಮ್ಮ ಹೇಳಿದ್ಲು, ಇವನು ಎತ್ಕೊಂಡು ಬಂದ" ಎಂದು ಬೈದಳು. ಬೈಯುತ್ತಲೇ ಕೂಸಿನ ಅಂಗಾಲು ಮುಟ್ಟಿ ನೋಡಿದಳು. "ಕಾಲು ಮಂಜುಗಡ್ಡೆ ಆಗಿದೆಯಲ್ಲೋ, ಬಸ್ಸಲ್ಲಿ ಒಂದು ಬಟ್ಟೆ ಸುತ್ತಬೇಕು ಅಂತ ಗೊತ್ತಾಗಲಿಲ್ವ ಇಬ್ಬರಿಗೂ?" ಎಂದು ಇನ್ನಷ್ಟು ಬೈದು, ಬಚ್ಚಲ ಒಲೆಗೆ ಸೌದೆ ತುಂಬಲು ಹೋದಳು.

ಆ ಚಳಿಗಾಲದಲ್ಲಿ ಬಹಳ ಮಂಜು ಬಿತ್ತು. ಅಥವಾ ನಾನು ಆ ವರ್ಷ ಮಾತ್ರ ಮಂಜನ್ನು ನೋಡಿದೆ. ಭದ್ರೆಯಿಂದ ಎದ್ದದ್ದು ಸೇತುವೆ ದಾಟಿ ಬೀದಿಗೆ ಬಂದು, ಬಾಗಿಲು ತೆರೆದರೆ ಒಳಕ್ಕೂ ಕಾಲಿಡುತ್ತಿತ್ತು. ಮಂಜಿನಲ್ಲಿ ಕಾಗದದ ಕಾರ್ಖಾನೆಯ ವಾಸನೆ ಮೇಲೇರಲಾರದೆ ನೆಲದ ಮೇಲೇ ತೆವಳುತ್ತಿತ್ತು. ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಕೆಂಡದಂಥ ಕಿಟ್ಟ ಸುರಿದರೆ ಆಕಾಶ ಕೆಂಪಾಗುವುದು ಭದ್ರಾವತಿಯವರಿಗೆ ಹೊಸತೇನಲ್ಲ. ಆದರೆ ಆಗ ಕೆಂಪಾಗುತ್ತಿದ್ದದ್ದು ಮಂಜೇ. ಮುಸ್ಸಂಜೆ ಗಿರಿಜ ಹೊಸ್ತಿಲ ಬಳಿ ಕೂಸಿಗೆ ಹಾಲು ಕೊಡುತ್ತಾ ಕೂತಿರುವಾಗ ಬೀದಿಗೆ ಬೀದಿಯೇ ಒಮ್ಮೆಗೆ ಗುಲಾಬಿಯಾಗಿ, ಅವಳ ಮುಖ, ಕೂಸಿನ ಕಿವಿ, ಎದುರು ಮನೆಯ ಸುಣ್ಣದ ಗೋಡೆ ಎಲ್ಲವೂ ಒಂದೇ ಬಣ್ಣವಾಗಿ, ನಿಧಾನವಾಗಿ ಬೂದಿಗೆ ತಿರುಗುತ್ತಿತ್ತು. ಕೂಸು ಕುಡಿಯುವುದನ್ನು ನಿಲ್ಲಿಸಿ ಆ ಬೆಳಕನ್ನು ನೋಡುತ್ತಿತ್ತು. ಗಿರಿಜ ಈಗ ಹೇಳುತ್ತಾಳೆ, "ಹೊಸ್ತಿಲ ಮೇಲೆ ಮುಸ್ಸಂಜೆ ಕೂತು ಹಾಲು ಕೊಡಕ್ಕೆ ಅತ್ತೆ ಬಿಡ್ತಿದ್ರಾ? ಒಳಗೆ ಕೋಣೇಲಿ ಕೂರ್ತಿದ್ದೆ." ಹಾಗಾದರೆ ಆ ಗುಲಾಬಿ ಮುಖ ಯಾರದು? ಗೊತ್ತಿಲ್ಲ. ಅಳಿಸುವ ಧೈರ್ಯವಿಲ್ಲದೆ ಚುಕ್ಕೆಗೆರೆಯಲ್ಲಿ ಉಳಿಸಿಕೊಂಡಿದ್ದೇನೆ.

ಹೆಸರಿಡಬೇಡಿ ಎಂದಿದ್ದರು ಡಾಕ್ಟರಮ್ಮ. ನಾವು ಇಡಲಿಲ್ಲ. ಅವ್ವ ಪುಟ್ಟ ಎನ್ನುತ್ತಿದ್ದಳು. ಅದು ಹೆಸರೇನಲ್ಲವಲ್ಲ.

ಪುಷ್ಯದಲ್ಲಿ ಪುಟ್ಟನಿಗೆ ಎದೆ ಕಟ್ಟಿ ಉಸಿರು ಗೊರಗೊರ ಎನ್ನತೊಡಗಿತು. ಡಾಕ್ಟರಮ್ಮನ ಔಷಧಿಗೆ ಕಡಿಮೆಯಾಗುತ್ತಾ ಬಂತು. ಅದೇ ವಾರ ನಾನು ಕಾರ್ಖಾನೆಯಿಂದ ಬಂದಾಗ ಮನೆ ತುಂಬ ವಿಭೂತಿಯ ಪರಿಮಳ. ಮಠದ ಅಯ್ಯನವರು ಬಂದು ಹೋಗಿದ್ದರು. ಅವ್ವ ಕಾಲು ಚಾಚಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಏನೋ ಗೆದ್ದವಳ ಹಾಗಿತ್ತು ಮುಖ.

"ಲಿಂಗ ಕಟ್ಟಿಸ್ದೆ" ಎಂದಳು.

"ಯಾರಿಗೆ?"

"ಯಾರಿಗೆ ಅಂದ್ರೆ? ನಿನಗೆ ಕಟ್ಟಿಸಿ ಇಪ್ಪತ್ತೇಳು ವರ್ಷ ಆಯ್ತು. ಪುಟ್ಟನಿಗೆ. ಇನ್ನು ಯಾರು ಹಡಗು ಹತ್ತಿ ಬರ್ತಾರೋ ಬರ್ಲಿ. ಲಿಂಗ ಕಟ್ಟಿದ ಕೂಸನ್ನ ಹೊರಗೆ ಕೊಡಕ್ಕೆ ಬರಲ್ಲ."

ನಮ್ಮಲ್ಲಿ ಕೂಸಿಗೆ ಕಟ್ಟಿದ ಲಿಂಗವನ್ನು ಕೂಸಿನ ಕೊರಳಲ್ಲಿ ಬಿಡುವುದಿಲ್ಲ. ಬಿಳಿಬಟ್ಟೆಯಲ್ಲಿ ಸುತ್ತಿ, ದಾರ ಹಾಕಿ, ತಾಯಿ ತನ್ನ ಲಿಂಗದ ಜೊತೆಯಲ್ಲೇ ಧರಿಸುತ್ತಾಳೆ. ಮಗು ಬೆಳೆದು ತನ್ನದನ್ನು ತಾನು ನೋಡಿಕೊಳ್ಳುವ ವಯಸ್ಸಿಗೆ ಬಂದಮೇಲೆ ಅದರ ಕೊರಳಿಗೆ ಹಾಕುತ್ತಾಳೆ. ಒಳಗೆ ಹೋಗಿ ನೋಡಿದರೆ ಗಿರಿಜಳ ಕೊರಳಲ್ಲಿ ಎರಡು ದಾರ. ಅವಳು ಎರಡನೆಯದನ್ನು ಸೆರಗಿನಡಿ ಸರಿಸಿದಳು. ನಮ್ಮಲ್ಲಿ ಹೊಟ್ಟೆಯಲ್ಲಿರುವ ಕೂಸಿಗೂ ಲಿಂಗ ಕಟ್ಟಿಸುತ್ತಾರೆ, ಹಾಗಾಗಿ ಬಸುರಿನಲ್ಲಿ ಅವಳ ಕೊರಳಲ್ಲಿ ಹೀಗೇ ಎರಡು ಇದ್ದವು. ಆ ಎರಡನೆಯದನ್ನು ನಮ್ಮ ಮಗಳ ಎಡಗೈಯಲ್ಲಿಟ್ಟು ಮಣ್ಣು ಮಾಡಿದ್ದೆವು.

ಆ ಮಗಳ ಮಾತನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಆಡಬಾರದೆಂದು ಯಾರೂ ಹೇಳಿರಲಿಲ್ಲ. ಪುಟ್ಟ ಬಂದು ಅವಳ ಜಾಗದಲ್ಲಿ ಮಲಗಿದ್ದ, ಅಷ್ಟೆ.

ಶಿವರಾತ್ರಿ ಕಳೆಯುತ್ತಿದ್ದಂತೆ ಅವರು ಬಂದರು. ಹೆಂಗಸಿನ ಹೆಸರು ಮಾರ್ಗ. ಎತ್ತರ, ದಪ್ಪ ಮಣಿಕಟ್ಟು, ಬಿಸಿಲಿಗೆ ಕೆಂಪಾದ ಕತ್ತು. ಗಂಡ ಮಾತು ಕಡಿಮೆಯವನು. ಕಾರ್ಖಾನೆಯ ಚಿಮಣಿಗಳನ್ನು ನೋಡುತ್ತಾ ಹೊರಗೇ ನಿಲ್ಲುತ್ತಿದ್ದ. ಶಿವಮೊಗ್ಗದ ಕೋರ್ಟಿನಲ್ಲಿ ಅರ್ಜಿ ಹಾಕಿದ್ದರು. ಅದರ ದಿನ ಬರುವವರೆಗೆ ಮಾರ್ಗ ಬೆಳಗಿನ ಬಸ್ಸಿಗೆ ಭದ್ರಾವತಿಗೆ ಬಂದು ಕೂಸಿನ ಜೊತೆ ಇರಬೇಕೆಂದು ಡಾಕ್ಟರಮ್ಮ ಏರ್ಪಾಡು ಮಾಡಿದ್ದರು. ಕೂಸಿಗೆ ರೂಢಿಯಾಗಬೇಕಲ್ಲ. ಮಾತು ದಾಟಿಸಲೆಂದು ನಾನು ರಜೆ ಹಾಕಿದ್ದೆ.

ಮೊದಲ ದಿನ ಅವ್ವ ಅವಳಿಗೆ ಚಾಪೆ ಹಾಕಲಿಲ್ಲ. ಮಾರ್ಗ ನೆಲದ ಮೇಲೇ ಕೂತಳು. ಎರಡನೆಯ ದಿನವೂ ಕೂತಳು. ಮೂರನೆಯ ದಿನ ಅವ್ವ ಕೂಸಿಗೆ ಎರೆಯುವಾಗ ಬಚ್ಚಲ ಬಾಗಿಲಿಗೆ ಬಂದು ನಿಂತಳು. ಅವ್ವ ಕಾಲು ನೀಡಿ ಕೂತು, ಕಾಲುಗಳ ಮೇಲೆ ಪುಟ್ಟನನ್ನು ಬೋರಲು ಮಲಗಿಸಿಕೊಂಡು, ಹರಳೆಣ್ಣೆ ತಿಕ್ಕಿ, ಹಂಡೆಯ ಬಿಸಿನೀರನ್ನು ಚೊಂಬಿನಿಂದ ಬೆನ್ನ ಮೇಲೆ ಸುರಿಯುತ್ತಿದ್ದಳು. ಕೂಸು ಊರು ಹಾರಿಹೋಗುವಂತೆ ಅಳುತ್ತಿತ್ತು. ಮಾರ್ಗ ಗಾಬರಿಯಿಂದ ಏನೋ ಅಂದಳು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಅವಳದೂ ಅಷ್ಟೇ.

"ಏನಂತೆ?" ಎಂದಳು ಅವ್ವ.

"ನೀರು ಬಹಳ ಬಿಸಿ ಇದೆಯಂತೆ. ಅವಳ ಊರಲ್ಲಿ ಇಷ್ಟು ಬಿಸಿ ಹಾಕಲ್ವಂತೆ."

"ಅವಳ ಊರಲ್ಲಿ ಕೂಸೇ ಇರ್ಲಿಲ್ವಲ್ಲ, ನೀರಿನ ವಿಷಯ ಹೆಂಗೆ ಗೊತ್ತು ಅಂತ ಕೇಳು."

ನಾನು ಅದನ್ನು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಮಾರ್ಗ ಕಾಲುಚೀಲ ಬಿಚ್ಚಿ, ಫ್ರಾಕನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿಕೊಂಡು ಬಚ್ಚಲಿನ ಒದ್ದೆ ಕಲ್ಲಿನ ಮೇಲೆ ಅವ್ವನ ಎದುರಿಗೆ ಕೂತು ಕಾಲು ನೀಡಿದಳು. ನಾನು ಈಚೆ ಬಂದೆ. ಒಳಗಿನಿಂದ ಅವ್ವನ ದನಿ ಮಾತ್ರ ಕೇಳುತ್ತಿತ್ತು: "ಗಟ್ಟಿ ಹಿಡಿ, ಮಾರಾಯ್ತಿ! ಗಾಜಿನ ಗೊಂಬೆಯೇನು ಅದು? ತಲೆ ಈ ಕಡೆ. ಈ ಕಡೆ ಅಂದ್ನಲ್ಲ. ಅಯ್ಯೋ ಶಿವನೇ, ಕಾಲು ನೋಡು, ತೊಲೆ ಇದ್ದ ಹಂಗಿದೆ. ಒಳ್ಳೇದೇ ಆಯ್ತು, ಕೂಸು ಜಾರಲ್ಲ."

ಅವತ್ತಿನಿಂದ ನನ್ನ ದುಭಾಷಿ ಕೆಲಸ ಕಡಿಮೆಯಾಯಿತು. ಅವ್ವ ಕನ್ನಡದಲ್ಲಿ ಬೈಯುವಳು, ಮಾರ್ಗ ತನ್ನ ಭಾಷೆಯಲ್ಲಿ ಏನೋ ಅನ್ನುವಳು. ಕೂಸಿಗೆ ನೀರು ಬೀಳುತ್ತಿತ್ತು. ಆಮೇಲೆ ಬಟ್ಟೆ ಸುತ್ತಿ, ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ, ಹೊಗೆಗೆ ತಲೆ ಹಿಡಿದು ಒಣಗಿಸಬೇಕು. ಅದನ್ನೂ ಕಲಿತಳು. ಮಧ್ಯಾಹ್ನದ ಬಸ್ಸಿಗೆ ಅವಳು ಹೊರಟರೆ ಅವಳ ಫ್ರಾಕೂ ನಮ್ಮ ಮನೆಯ ವಾಸನೆಯೇ ಆಗಿರುತ್ತಿತ್ತು. ಹಾಗಂತ ಅವ್ವ ಪಟ್ಟು ಸಡಿಲಿಸಿದ್ದಳೆಂದಲ್ಲ. ಮಾರ್ಗ ತಿರುವು ದಾಟುವುದನ್ನು ನೋಡಿ ಗಿರಿಜಳಿಗೆ, "ಕೋರ್ಟಲ್ಲಿ ನಿನ್ನ ಕೇಳ್ತಾರಂತೆ. ಕೊಡಲ್ಲ ಅಂತ ಒಂದೇ ಮಾತು ಹೇಳು. ಹಾಲು ಕೊಟ್ಟವಳು ನೀನು. ನಿನ್ನ ಮಾತು ಮೀರಕ್ಕೆ ಆಗಲ್ಲ" ಎನ್ನುತ್ತಿದ್ದಳು. ಅದು ನಿಜವೂ ಆಗಿತ್ತು. ಸಾಕಿದವರದು ತಕರಾರಿದ್ದರೆ ಅರ್ಜಿ ನಿಲ್ಲುತ್ತದೆ ಎಂದು ಡಾಕ್ಟರಮ್ಮನೇ ಹೇಳಿದ್ದರು. ಗಿರಿಜ ಅತ್ತೆಗೆ ಎದುರಾಡುತ್ತಿರಲಿಲ್ಲ, ಹೂಂ ಎನ್ನುತ್ತಲೂ ಇರಲಿಲ್ಲ. ಪುಟ್ಟನನ್ನು ಮೊದಲಿಗಿಂತ ಹೆಚ್ಚು ಹೊತ್ತು ಎತ್ತಿಕೊಂಡಿರುತ್ತಿದ್ದಳು. ಅವಳು ಹೇಳುವುದು ಕೊಡಲ್ಲ ಎಂದೇ, ನನಗೆ ಅನುಮಾನವಿರಲಿಲ್ಲ. ನನಗೂ ಅದೇ ಬೇಕಿತ್ತು.

ಒಂದು ದಿನ ಮಾರ್ಗ ಗಿರಿಜಳ ಕೊರಳಿನ ಎರಡನೆಯ ದಾರ ನೋಡಿ ಏನೆಂದು ಕೇಳಿದಳು. ನನಗೆ ತಿಳಿದ ಇಂಗ್ಲಿಷಿನಲ್ಲಿ ಹೇಳಿದೆ: ಇದು ಮಗುವಿನ ದೇವರು, ಮಗುವಿಗೆ ತಿಳಿವು ಬರುವವರೆಗೆ ತಾಯಿ ಹೊರುತ್ತಾಳೆ.

ಮಾರ್ಗ ಕೇಳಿದಳು: "ಅವಳ ಮಗಳದು?"

ಯಾರೂ ಕೇಳದ ಪ್ರಶ್ನೆ ಅದು. ಮಣ್ಣಿನಲ್ಲಿದೆ, ಅವಳ ಕೈಯಲ್ಲಿ, ಎಂದೆ. ಗಿರಿಜ ನನ್ನ ಮುಖ ನೋಡುತ್ತಿದ್ದಳು. "ಏನು ಕೇಳಿದ್ಲು?" ಹೇಳಿದೆ. ಗಿರಿಜ ಎದ್ದು ಒಳಗೆ ಹೋದಳು.

ಮಾರನೆಯ ದಿನ ಮಾರ್ಗ ಕೂಸಿಗೆ ಎರೆದು, ಒಣಗಿಸಿ, ಅವ್ವನ ಕೈಗೆ ಕೊಟ್ಟು, ಗಿರಿಜಳ ಕಡೆ ತಿರುಗಿ, "ನಡಿ" ಎಂದಳು. ಆ ಒಂದು ಪದ ಅವಳಿಗೆ ಬರುತ್ತಿತ್ತು. ಎಲ್ಲಿಗೆಂದು ಹೇಳಬೇಕಾಗಿರಲಿಲ್ಲ. ನಮ್ಮಲ್ಲಿ ಹೆಂಗಸರು ಅಲ್ಲಿಗೆ ಹೋಗುವ ರೂಢಿಯಿಲ್ಲ. ಅವ್ವ ಬಾಯಿ ತೆರೆದವಳು ಕೂಸನ್ನು ನೋಡಿ ಮುಚ್ಚಿದಳು. ನಾನು ದಾರಿ ತೋರಿಸಿಕೊಂಡು ನಮ್ಮವರ ಮಣ್ಣಿನ ಜಾಗದವರೆಗೆ ಹೋಗಿ, ಮೂಲೆಯ ಹೊಂಗೆಮರವನ್ನು ಬೆರಳು ಮಾಡಿ ತೋರಿಸಿ, ಬೇಲಿಯ ಈಚೆ ನಿಂತೆ. ಯಾಕೆ ಒಳಗೆ ಹೋಗಲಿಲ್ಲವೋ ನನಗೆ ಈಗಲೂ ತಿಳಿಯದು. ಅವರಿಬ್ಬರ ನಡುವೆ ನನಗೆ ಜಾಗವಿದ್ದಂತೆ ಕಾಣಲಿಲ್ಲ.

ಇಲ್ಲಿಂದ ಚುಕ್ಕೆಗೆರೆ. ಬೇಲಿಯ ಸಂದಿಯಲ್ಲಿ ಕಂಡದ್ದು ಎರಡು ಬೆನ್ನು, ಒಂದು ಸೀರೆಯದು, ಒಂದು ಫ್ರಾಕಿನದು. ಫ್ರಾಕಿನ ಬೆನ್ನು ಬಗ್ಗಿತು. ಸೀರೆಯ ಬೆನ್ನು ಅಲುಗತೊಡಗಿತು. ದನಿ ಕೇಳಿಸಲಿಲ್ಲ, ಮಂಜೂ ಇತ್ತು. ಗಿರಿಜ ಹೇಳುತ್ತಾಳೆ, ಮಾಘ ಕಳೆದಮೇಲೆ ಎಲ್ಲಿಯ ಮಂಜು, ಬಿಸಿಲು ಸುಡುತ್ತಿತ್ತು, ಹೊಂಗೆಯ ನೆರಳಿಗೆ ಸರಿದು ಕೂತಿದ್ದೆವು ಅಂತ. ಎಷ್ಟು ಹೊತ್ತು ಎಂದು ಒಮ್ಮೆ ಕೇಳಿದ್ದೆ. "ನಾನು ಅತ್ತು ಮುಗಿಯೋವರೆಗೆ" ಎಂದಿದ್ದಳು. ಏನು ಮಾತಾಡಿದಿರಿ ಎಂದು ಕೇಳಿದಾಗ, "ಅವಳ ಭಾಷೆ ನಂಗೆಲ್ಲಿ ಬರುತ್ತೆ?" ಎಂದು ನಕ್ಕಿದ್ದಳು.

ಕೋರ್ಟಿನ ದಿನ ಅವ್ವ ಬರಲಿಲ್ಲ. ಪುಟ್ಟನಿಗೆ ಎರೆದು, ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟು, ಸೊಸೆಯ ಮಡಿಲಿಗೆ ಹಾಕಿ, "ಸಾಯಂಕಾಲ ಇವನಿಗೆ ನೀರು ಕಾಯಿಸಿಟ್ಟಿರ್ತೀನಿ. ಕರ್ಕೊಂಡು ಬಾ" ಎಂದಳು.

ನ್ಯಾಯಾಧೀಶರು ವಯಸ್ಸಾದವರು. ಗಿರಿಜಳನ್ನು ಮುಂದೆ ಕರೆದು ಕನ್ನಡದಲ್ಲೇ ಕೇಳಿದರು. "ನೋಡಮ್ಮ, ಇಷ್ಟು ದಿನ ಹಾಲು ಕೊಟ್ಟು ಸಾಕಿದವಳು ನೀನು. ಇವರು ಬಹಳ ದೂರ ಕರ್ಕೊಂಡು ಹೋಗ್ತಾರೆ. ಮತ್ತೆ ನೋಡಕ್ಕೆ ಸಿಗದೆ ಹೋಗಬಹುದು. ನಿನ್ನದೇನಾದ್ರೂ ತಕರಾರಿದೆಯಾ? ಭಯ ಪಡಬೇಡ, ಇದ್ರೆ ಹೇಳು."

ಪುಟ್ಟ ಅವಳ ತೋಳಿನಲ್ಲಿ ತನ್ನ ಮುಷ್ಟಿಯನ್ನು ತಾನೇ ಚೀಪುತ್ತಿದ್ದ. ಮಾರ್ಗ ನಮ್ಮ ಕಡೆ ನೋಡಲಿಲ್ಲ. ತನ್ನ ಗಂಡನ ಕಡೆಯೂ ನೋಡಲಿಲ್ಲ.

"ಅವರನ್ನ ಒಂದು ಮಾತು ಕೇಳಬಹುದಾ, ಬುದ್ಧೀ?" ಎಂದಳು ಗಿರಿಜ.

"ಕೇಳಮ್ಮ."

ಅವಳು ನನ್ನ ಕಡೆ ತಿರುಗಿದಳು. "ಇವನು ಬೆಳಗಿನ ಜಾವ ಸುಮ್ಮಸುಮ್ಮನೆ ಅಳ್ತಾನೆ. ಹಸಿವಿಗಲ್ಲ. ಆವಾಗ ಏನು ಮಾಡ್ತಾಳೆ ಅಂತ ಕೇಳಿ."

ಕೇಳಿದೆ. ಮಾರ್ಗ ಎದ್ದು ನಿಂತಳು. ಉತ್ತರವನ್ನು ನನಗೆ ಹೇಳಲಿಲ್ಲ, ನ್ಯಾಯಾಧೀಶರಿಗೂ ಹೇಳಲಿಲ್ಲ. ಗಿರಿಜಳನ್ನೇ ನೋಡುತ್ತಾ ಕನ್ನಡದಲ್ಲಿ ಹೇಳಿದಳು: "ಗಟ್ಟಿ ಹಿಡಿ, ಮಾರಾಯ್ತಿ."

ಹಿಂದೆ ಕೂತಿದ್ದ ವಕೀಲರು ಗೊಳ್ಳೆಂದು ನಕ್ಕರು. ನ್ಯಾಯಾಧೀಶರೂ ಬಾಯಿಗೆ ಕೈ ಅಡ್ಡ ಹಿಡಿದರು. ಮಾರ್ಗ ಯಾಕೆ ನಗುತ್ತಾರೆಂದು ತಿಳಿಯದೆ ಕೆಂಪಾದಳು. ಗಿರಿಜ ನಗಲಿಲ್ಲ. ನಗು ಅಡಗಿದ ಮೇಲೆ ಅವಳು ಹೇಳಿದಳು, "ನಂದೇನೂ ತಕರಾರಿಲ್ಲ."

ನಾನು ಇದನ್ನು ಹೀಗೆ ಹೇಳಿದಾಗಲೆಲ್ಲ ಗಿರಿಜ, "ಅವಳು ಮಾರಾಯ್ತಿ ಅನ್ನಲಿಲ್ಲ, ಗಟ್ಟಿ ಹಿಡಿ ಅಂದ್ಲು ಅಷ್ಟೆ. ನೀವು ಚೆಂದಕ್ಕೆ ಸೇರಿಸಿದ್ದು" ಎನ್ನುತ್ತಾಳೆ. ಇರಬಹುದು. ವಕೀಲರು ನಕ್ಕದ್ದು ಮಾತ್ರ ಇಬ್ಬರಿಗೂ ನೆನಪಿದೆ.

ಕೋರ್ಟಿನ ಅಪ್ಪಣೆ ಸಿಕ್ಕಿ ಅವತ್ತು ಮಧ್ಯಾಹ್ನವೇ ಹೊರಟೆವು. ಅವರ ಟಿಕೆಟ್ಟು ಬೀರೂರಿಗೆ, ಅಲ್ಲಿಂದ ಬೊಂಬಾಯಿಗೆ, ಆಮೇಲೆ ಹಡಗು. ನಮ್ಮದು ಭದ್ರಾವತಿಗೆ. ಒಂದೇ ರೈಲು. ಇದನ್ನು ಯಾರೂ ಮೊದಲೇ ಯೋಚಿಸಿರಲಿಲ್ಲ. ಒಂದೇ ಡಬ್ಬಿಯಲ್ಲಿ, ಈ ಕಡೆ ನಾವಿಬ್ಬರು, ಆ ಕಡೆ ಅವರಿಬ್ಬರು. ಕಾನೂನಿನ ಪ್ರಕಾರ ಕೂಸು ಆಗಲೇ ಅವರದು. ಆದರೆ ತುಂಗೆಯ ಸೀಮೆ ಮುಗಿದು ಭದ್ರೆಯ ಸೀಮೆ ಬರುವವರೆಗೆ ಗಿರಿಜಳ ಮಡಿಲಲ್ಲೇ ಇತ್ತು. ರೈಲು ಹೊರಡುತ್ತಿದ್ದಂತೆ ಕುಡಿಯತೊಡಗಿ, ಕುಡಿಯುತ್ತಲೇ ಮಲಗಿತು. ಕಿಟಕಿಯಲ್ಲಿ ಕೊಯ್ದ ಗದ್ದೆಗಳು ಹಿಂದಕ್ಕೆ ಹೋಗುತ್ತಿದ್ದವು. ರೈಲು ಹೀಗೇ ಹೋಗುತ್ತಿರಲಿ, ಭದ್ರಾವತಿ ಎಂಬ ಊರನ್ನು ಯಾರಾದರೂ ಹಳಿಯಿಂದ ಎತ್ತಿ ಬೇರೆ ಕಡೆ ಇಟ್ಟಿರಲಿ ಎಂದು ನನಗೆ ಅನಿಸಿದ್ದು ನಿಜ.

ಆಗ ಕಾಗದದ ಕಾರ್ಖಾನೆಯ ವಾಸನೆ ಬಂತು.

ಗಿರಿಜ ತಲೆಯೆತ್ತಿದಳು. ಕೂಸನ್ನು ನನ್ನ ಕೈಗೆ ಕೊಟ್ಟು, ಎರಡೂ ಕೈ ಕತ್ತಿನ ಹಿಂದಕ್ಕೆ ಒಯ್ದು, ಎರಡನೆಯ ದಾರವನ್ನು ತಲೆಯ ಮೇಲಿಂದ ತೆಗೆದಳು. ಎದ್ದು ನಿಂತು, ರೈಲಿನ ಕುಲುಕಾಟಕ್ಕೆ ಒಂದು ಕೈಯಲ್ಲಿ ಮೇಲಿನ ಹಲಗೆ ಹಿಡಿದು, ಇನ್ನೊಂದು ಕೈಯಿಂದ ಅದನ್ನು ಮಾರ್ಗಳ ಕೊರಳಿಗೆ ಹಾಕಿದಳು. ದಾರ ಅವಳ ಕೂದಲಿಗೆ ಸಿಕ್ಕಿಕೊಂಡಿತು. ಬಿಡಿಸಿ, ಬಟ್ಟೆಯ ಪುಟ್ಟ ಗಂಟನ್ನು ಫ್ರಾಕಿನ ಕತ್ತಿನೊಳಕ್ಕೆ ಸರಿಸಿದಳು, ತನ್ನದನ್ನು ಸೆರಗಿನಡಿ ಸರಿಸುತ್ತಿದ್ದ ಹಾಗೆಯೇ.

ಮಾರ್ಗ ನನ್ನ ಕಡೆ ನೋಡಿದಳು. ಇದಕ್ಕೆ ತಾನು ಏನು ಮಾಡಬೇಕು ಎಂದು ಕೇಳಿದಳು.

"ಏನೂ ಮಾಡಬೇಡ ಅಂತ ಹೇಳಿ" ಎಂದಳು ಗಿರಿಜ. "ಅವನು ದೊಡ್ಡವನಾಗಿ ಇದೇನು ಅಂತ ಕೇಳೋವರೆಗೆ ಇವಳ ಹತ್ರ ಇರ್ಬೇಕು. ಅಷ್ಟೇ. ಅದು ತಾಯಿ ಕೆಲಸ."

ಅವ್ವ ಕೂಸನ್ನು ಮನೆಗೆ ಕಟ್ಟಿಹಾಕಲೆಂದು ಕಟ್ಟಿಸಿದ್ದು ಅದು.

ಪ್ಲಾಟ್‌ಫಾರ್ಮಿನಲ್ಲಿ ನಾವು ಇಳಿದೆವು. ಕೂಸನ್ನು ಮಾರ್ಗಳಿಗೆ ದಾಟಿಸಿದ್ದು ನಾನು. ಅದು ಎಚ್ಚರವಾಗಲಿಲ್ಲ. ರೈಲು ಹೋದ ಮೇಲೆ ಗಿರಿಜಳ ರವಿಕೆ ಒದ್ದೆಯಾಗಿತ್ತು. ಸೆರಗು ಹೊದ್ದುಕೊಂಡು ನಡೆದಳು. ಸೇತುವೆಯ ಮೇಲೆ ಬರುವಾಗ ಕಿಟ್ಟ ಸುರಿದರು, ನದಿ ಕೆಂಪಾಯಿತು. ಅಥವಾ ಬೇರೆ ಯಾವುದೋ ಸಂಜೆಯ ನದಿ ಅದು.

ಅವ್ವ ಬಾಗಿಲಲ್ಲಿ ನಿಂತಿದ್ದಳು. ಸೊಸೆಯ ಮಡಿಲು ನೋಡಿದಳು, ಆಮೇಲೆ ಕೊರಳು ನೋಡಿದಳು. ಒಂದೇ ದಾರವಿತ್ತು.

ಬೈಯುತ್ತಾಳೆಂದು ಕಾದೆ. ಅವಳು ಕೇಳಿದಳು, "ರೈಲಲ್ಲಿ ಕೂಸನ್ನ ಯಾವ ಕಡೆ ತಲೆ ಮಾಡಿ ಹಾಕ್ಕೊಂಡ್ಲು?"

"ನೀವು ಹೇಳಿಕೊಟ್ಟ ಕಡೆಗೇ, ಅತ್ತೆ."

"ಗಟ್ಟಿಯಾಗಿ ಹಿಡಿದಿದ್ಲಾ?"

"ಹೂಂ."

"ನೀರು ಕಾದಿದೆ" ಎಂದಳು ಅವ್ವ. "ಬಾ. ನಿನಗೆ ಬಾಣಂತಿ ನೀರು ಹಾಕ್ಲೇ ಇಲ್ಲ ನಾನು."

ಬಚ್ಚಲ ಬಾಗಿಲು ಮುಚ್ಚಿತು. ಇನ್ನು ಮುಂದಿನದು ನನಗೆ ಕಂಡದ್ದಲ್ಲ. ನೀರು ಬೀಳುವ ಸದ್ದು ಕೇಳಿದೆ, ಚೊಂಬಿನ ಮೇಲೆ ಚೊಂಬು, ಹಂಡೆ ಬರಿದಾಗುವವರೆಗೆ. ಬಾಗಿಲಿನ ಅಡಿಯಿಂದ ಸಾಂಬ್ರಾಣಿಯ ಹೊಗೆ ಬಂತು.